ಶಿಕಾರಪುರದಿಂದ ಶಾಸ್ತ್ರಿ ಭವನಕ್ಕೆ

1987ರಲ್ಲಿ ನಾನು ದ್ವಿತೀಯ ಪಿಯುಸಿ ಓದುತ್ತಿದ್ದೆ. ನಮ್ಮೂರ ವಾಚನಾಲಯಕ್ಕೆ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆ ಒಂದೇ. ಬೆಳಗಿನ ಬಸ್ಸು ಅದನ್ನು ತಂದು ಹಾಕುವ ಹೊತ್ತಿಗೆ ನಿವೃತ್ತ ಗುಮಾಸ್ತರೊಬ್ಬರು ಬಾಗಿಲಲ್ಲಿ ಕಾದಿರುತ್ತಿದ್ದರು. ಆ ವರ್ಷ ಕೆಲವು ವಾರ ಅವರು ಮುಖಪುಟದ ತಲೆಬರಹಗಳನ್ನೂ ಬಿಟ್ಟು ಮೊದಲು ಹುಡುಕುತ್ತಿದ್ದುದು ಹತ್ತು ಪ್ರಶ್ನೆಗಳನ್ನು. ಬೊಫೋರ್ಸ್ ಫಿರಂಗಿ ಖರೀದಿಯ ಬಗ್ಗೆ ವಕೀಲರೊಬ್ಬರು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯ ಮೂಲಕ ಪ್ರಧಾನಿ ರಾಜೀವ್ ಗಾಂಧಿಯವರಿಗೆ ದಿನಕ್ಕೆ ಹತ್ತರಂತೆ ಪ್ರಶ್ನೆ ಹಾಕುತ್ತಿದ್ದ ಕಾಲ ಅದು. ಬೊಗಳುವ ಪ್ರತಿ ನಾಯಿಗೂ ಉತ್ತರ ಕೊಡಬೇಕಾಗಿಲ್ಲ ಎಂಬರ್ಥದ ಮಾತನ್ನು ಪ್ರಧಾನಿ ಆಡಿದರು. ಕಳ್ಳನನ್ನು ಕಂಡಾಗ ತಾನೇ ನಾಯಿ ಬೊಗಳುವುದು ಎಂದು ವಕೀಲರು ತಿರುಗೇಟು ಕೊಟ್ಟರು. ಗುಮಾಸ್ತರು ಅದನ್ನು ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕಿದ್ದು ನನಗೆ ಇನ್ನೂ ನೆನಪಿದೆ.

“ಈ ಮನುಷ್ಯ ಸಿಂಧಿ ಕಣಯ್ಯಾ. ನಿರಾಶ್ರಿತರ ಶಿಬಿರದಿಂದ ಎದ್ದು ಬಂದವನು” ಎಂದರು. ರಾಮ್ ಜೇಠ್ಮಲಾನಿ ಎಂಬ ಹೆಸರು ನನ್ನ ಕಿವಿಗೆ ಸರಿಯಾಗಿ ಬಿದ್ದದ್ದು ಆಗಲೇ. ನಿರಾಶ್ರಿತ ಎಂದರೆ ಸಹಾಯ ಬೇಡುವವನು ಎಂದಷ್ಟೇ ತಿಳಿದಿದ್ದ ನನಗೆ ಪ್ರಧಾನಿಯನ್ನೇ ಪಾಟೀಸವಾಲಿಗೆ ನಿಲ್ಲಿಸುವ ನಿರಾಶ್ರಿತ ವಿಚಿತ್ರವಾಗಿ ಕಂಡ.

ಅವರು ಹುಟ್ಟಿದ್ದು 1923ರ ಸೆಪ್ಟೆಂಬರ್ 14ರಂದು, ಶಿಕಾರಪುರದಲ್ಲಿ. ಶಿವಮೊಗ್ಗ ಜಿಲ್ಲೆಯವರು ಹಿಗ್ಗಬೇಕಾಗಿಲ್ಲ, ಇದು ನಮ್ಮ ಶಿಕಾರಿಪುರವಲ್ಲ. ಸಿಂಧ್ ಪ್ರಾಂತದ ಉತ್ತರ ಭಾಗದಲ್ಲಿರುವ ವರ್ತಕರ ಪಟ್ಟಣ. ಒಂದು ಕಾಲದಲ್ಲಿ ಇಲ್ಲಿನ ಲೇವಾದೇವಿಗಾರರ ಹುಂಡಿಗಳು ಮಧ್ಯ ಏಷ್ಯಾದವರೆಗೆ ಚಲಾವಣೆಯಾಗುತ್ತಿದ್ದವು. ಆದರೂ ನಮಗೂ ಆ ಊರಿಗೂ ಒಂದು ನಂಟು ಇದ್ದೇ ಇತ್ತು. 1936ರ ಏಪ್ರಿಲ್ 1ರಂದು ಪ್ರತ್ಯೇಕ ಪ್ರಾಂತವಾಗುವವರೆಗೆ ಸಿಂಧ್ ಮುಂಬಯಿ ಆಧಿಪತ್ಯಕ್ಕೆ ಸೇರಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಅದೇ ಆಧಿಪತ್ಯದಲ್ಲಿದ್ದವು. ಶಿಕಾರಪುರದ ಹುಡುಗನೂ ಧಾರವಾಡದ ಹುಡುಗನೂ ಒಂದೇ ಸರ್ಕಾರದ ಪ್ರಜೆಗಳು, ಪರೀಕ್ಷೆ ಕಟ್ಟುತ್ತಿದ್ದುದು ಒಂದೇ ಮುಂಬಯಿ ವಿಶ್ವವಿದ್ಯಾಲಯಕ್ಕೆ.

ತಂದೆ, ತಾತ ಇಬ್ಬರೂ ವಕೀಲರು. ಹುಡುಗ ಶಾಲೆಯಲ್ಲಿ ತರಗತಿಗಳನ್ನು ಹಾರಿ ಹಾರಿ 13ನೇ ವಯಸ್ಸಿಗೇ ಮೆಟ್ರಿಕ್ ಮುಗಿಸಿದ. 17ಕ್ಕೆ ಕರಾಚಿಯಲ್ಲಿ ಕಾನೂನು ಪದವಿ, ಅದೂ ಪ್ರಥಮ ದರ್ಜೆಯಲ್ಲಿ. (ನನ್ನ ವೃತ್ತಿಯವರು ಇಂಥ ಹುಡುಗರ ಬಗ್ಗೆ ಸ್ವಲ್ಪ ಎಚ್ಚರದಿಂದಿರುತ್ತೇವೆ. ಬೇಗ ಓದಿದವರೆಲ್ಲ ಬಹಳ ದೂರ ಓದುವುದಿಲ್ಲ.) ಪದವಿ ಸಿಕ್ಕಿತು, ಕರಿಕೋಟು ಸಿಗಲಿಲ್ಲ. ವಕೀಲನಾಗಲು ಕನಿಷ್ಠ 21 ವರ್ಷ ತುಂಬಿರಬೇಕೆಂದು ನಿಯಮವಿತ್ತು. ಹುಡುಗ ನೇರವಾಗಿ ಸಿಂಧ್ ಚೀಫ್ ಕೋರ್ಟಿನಲ್ಲಿ ಸರ್ ಗಾಡ್‌ಫ್ರೆ ಡೇವಿಸ್ ಅವರ ಮುಂದೆ ನಿಂತು, ಈ ನಿಯಮ ತನಗೆ ಯಾಕೆ ಅನ್ವಯಿಸಬಾರದು ಎಂದು ವಾದಿಸಿದ. ಕೊನೆಗೆ ವಿಶೇಷ ನಿರ್ಣಯದ ಮೂಲಕ 18ನೇ ವಯಸ್ಸಿಗೇ ವಕೀಲಿಗೆ ಅನುಮತಿ ಸಿಕ್ಕಿತು. ಮೊದಲ ಮೊಕದ್ದಮೆಯ ಕಕ್ಷಿದಾರ ತಾನೇ, ವಕೀಲನೂ ತಾನೇ.

ಕರಾಚಿಯಲ್ಲಿ ಅವರು ವಕೀಲಿ ಮಾಡಿದ್ದು ಎ.ಕೆ. ಬ್ರೋಹಿ ಎಂಬ ಮುಸ್ಲಿಂ ವಕೀಲರೊಡನೆ ಪಾಲುದಾರರಾಗಿ. ಬ್ರೋಹಿ ಇವರಿಗಿಂತ ಏಳೆಂಟು ವರ್ಷ ಹಿರಿಯರು, ಶಿಕಾರಪುರದ ಕಡೆಯವರೇ. ಇವರ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಮತ್ತೆ ಬರುತ್ತಾರೆ.

ದೇಶ ವಿಭಜನೆಯಾದಾಗ ಪಂಜಾಬ್ ಎರಡಾಯಿತು, ಬಂಗಾಳ ಎರಡಾಯಿತು. ಸಿಂಧ್ ಮಾತ್ರ ಇಡಿಯಾಗಿ ಪಾಕಿಸ್ತಾನಕ್ಕೆ ಹೋಯಿತು. ಪಂಜಾಬಿ ನಿರಾಶ್ರಿತನಿಗೆ ಗಡಿಯ ಈಚೆಗೂ ಒಂದು ಪಂಜಾಬ್ ಇತ್ತು. ಅವನ ಭಾಷೆ ಕೇಳುವ ಊರುಗಳಿದ್ದವು. ಸಿಂಧಿ ಹಿಂದೂಗಳಿಗೆ ಈಚೆಗೆ ಅಂಗೈ ಅಗಲದ ಸಿಂಧ್ ಕೂಡ ಉಳಿಯಲಿಲ್ಲ. ಆದರೂ 1947ರ ಆಗಸ್ಟ್‌ನಲ್ಲಿ ಬಹಳ ಮಂದಿ ಅಲ್ಲೇ ಇದ್ದರು. ಸಿಂಧ್‌ನಲ್ಲಿ ಪಂಜಾಬಿನಂಥ ಹತ್ಯಾಕಾಂಡ ನಡೆದಿರಲಿಲ್ಲ, ಎಲ್ಲ ತಣ್ಣಗಾದೀತೆಂಬ ನಂಬಿಕೆಯಿತ್ತು. 1948ರ ಜನವರಿ 6ರಂದು ಕರಾಚಿಯಲ್ಲಿ ಗಲಭೆಯಾಯಿತು. ಆ ನಂಬಿಕೆ ಅಲ್ಲಿಗೆ ಮುಗಿಯಿತು. ನಿನ್ನ ಜೀವಕ್ಕೆ ನಾನು ಹೊಣೆ ಹೊರಲಾರೆ, ಹೊರಟುಬಿಡು ಎಂದು ಬ್ರೋಹಿಯವರೇ ಹೇಳಿದರಂತೆ. ಫೆಬ್ರವರಿಯಲ್ಲಿ 24 ವರ್ಷದ ವಕೀಲ ಮುಂಬಯಿಗೆ ಬಂದಿಳಿದ. ವಾಸ ನಿರಾಶ್ರಿತರ ಶಿಬಿರದಲ್ಲಿ.

ಹತ್ತು ಲಕ್ಷಕ್ಕೂ ಮಿಕ್ಕಿ ಸಿಂಧಿಗಳು ಹೀಗೆ ಬಂದರು. ಮುಂಬಯಿಗೆ ಸಮೀಪದ ಕಲ್ಯಾಣದಲ್ಲಿ ಎರಡನೇ ಮಹಾಯುದ್ಧದ ಕಾಲದ ಸೇನಾ ಶಿಬಿರಗಳು ಖಾಲಿ ಬಿದ್ದಿದ್ದವು. ಸುಮಾರು ಒಂದು ಲಕ್ಷ ಜನರನ್ನು ಆ ಬ್ಯಾರಕ್‌ಗಳಿಗೆ ತುಂಬಲಾಯಿತು. 1949ರಲ್ಲಿ ಅದಕ್ಕೆ ಉಲ್ಲಾಸನಗರ ಎಂದು ಹೆಸರಿಟ್ಟರು. ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತೋ ಏನೋ, ಸಿಮೆಂಟು ನೆಲದ ಮೇಲೆ ಗೋಣಿಚೀಲದ ಪರದೆ ಕಟ್ಟಿಕೊಂಡು ಸಂಸಾರ ಮಾಡುತ್ತಿದ್ದವರಿಗೆ ಉಲ್ಲಾಸ ಎಲ್ಲಿಂದ ಬರಬೇಕು? ಶರಣಾರ್ಥಿ ಎಂದು ಕರೆದರೆ ಅವರಿಗೆ ಕೋಪ ಬರುತ್ತಿತ್ತು. ನಾವು ಶರಣಾರ್ಥಿಗಳಲ್ಲ, ಪುರುಷಾರ್ಥಿಗಳು ಎನ್ನುತ್ತಿದ್ದರು. ರೈಲಿನಲ್ಲಿ ಮಿಠಾಯಿ, ಬಾಚಣಿಗೆ ಮಾರಿದರು, ಬಟ್ಟೆ ಮಾರಿದರು.

ಸ್ಥಳೀಯ ಸರ್ಕಾರಕ್ಕೆ ಈ ಜನ ತಲೆನೋವಾದರು. ಆಗ ಮುಂಬಯಿ ಪ್ರಾಂತದ ಮುಖ್ಯಸ್ಥರು ಬಿ.ಜಿ. ಖೇರ್, ಗೃಹಮಂತ್ರಿ ಮೊರಾರ್ಜಿ ದೇಸಾಯಿ. 1948ರಲ್ಲಿ ‘ಮುಂಬಯಿ ನಿರಾಶ್ರಿತರ ಕಾಯ್ದೆ’ ಬಂತು. ನಿರಾಶ್ರಿತ ತನ್ನ ಹೆಸರು ನೋಂದಾಯಿಸಬೇಕು, ಸರ್ಕಾರ ತೋರಿಸಿದ ಶಿಬಿರದಲ್ಲಿ ಇರಬೇಕು ಎಂಬ ಧಾಟಿಯ ಕಾನೂನು. ಆಡಳಿತದ ದೃಷ್ಟಿಯಿಂದ ಅದರಲ್ಲಿ ಅರ್ಥವಿಲ್ಲದಿರಲಿಲ್ಲ. ಒಂದು ನಗರಕ್ಕೆ ಲಕ್ಷಗಟ್ಟಲೆ ಜನ ನುಗ್ಗಿದರೆ ಲೆಕ್ಕ ಇಡಬೇಡವೆ? ಆದರೆ ಶಿಬಿರದೊಳಗೆ ನಿಂತು ನೋಡಿದವನಿಗೆ ಅದು ಬೇರೆಯಾಗಿ ಕಂಡಿತು. ಊರು ಕಳೆದುಕೊಂಡದ್ದೇ ಅಪರಾಧವೆಂಬಂತೆ, ಪೊಲೀಸ್ ಠಾಣೆಯಲ್ಲಿ ರುಜು ಹಾಕುವ ಹಳೇ ಕೇಡಿಯಂತೆ ತನ್ನನ್ನು ನಡೆಸಿಕೊಳ್ಳುತ್ತಿದ್ದಾರೆ ಎನ್ನಿಸಿತು.

ಜೇಠ್ಮಲಾನಿ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಹೋದರು. ಕಾಯ್ದೆ ಬಂದಾಗ ನಮ್ಮ ಸಂವಿಧಾನ ಇನ್ನೂ ಜಾರಿಯಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ಬೆನ್ನ ಹಿಂದೆ ದೊಡ್ಡ ಕಚೇರಿಯಿಲ್ಲ, ನಗರದಲ್ಲಿ ಪರಿಚಿತರಿಲ್ಲ, ಎದುರಿಗೆ ಸರ್ಕಾರ. ನಿರಾಶ್ರಿತರ ಮೇಲಿನ ಕಾನೂನನ್ನು ನಿರಾಶ್ರಿತನೇ ಪ್ರಶ್ನಿಸಿದ ಆ ಮೊಕದ್ದಮೆಯನ್ನು ಅವರು ಗೆದ್ದರು. ಭಾರತದ ನೆಲದಲ್ಲಿ ಅವರ ಹೆಸರು ಮೊದಲು ಕೇಳಿಬಂದದ್ದು ಹೀಗೆ.

ಇದನ್ನು ಓದಿದಾಗಲೆಲ್ಲ ನನಗೆ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ನಾನಿದ್ದ ಶಾಲೆಯ ಪ್ರಯೋಗಾಲಯದಲ್ಲಿ ಒಂದು ಆಮ್ಮೀಟರು ಕಾಣೆಯಾಯಿತು. ಆ ವರ್ಷ ನಾಲೆಯ ಕೆಲಸಕ್ಕೆ ಬಂದ ಕೂಲಿಯವರು ಊರಾಚೆ ಗುಡಾರ ಹಾಕಿದ್ದರು. ಅವರ ಹುಡುಗನೊಬ್ಬ ನನ್ನ ಒಂಬತ್ತನೇ ತರಗತಿಯಲ್ಲಿದ್ದ. ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು. ಯಾರೂ ಸಾಕ್ಷಿ ಕೇಳಲಿಲ್ಲ, ಅವನ ಪರವಾಗಿ ಒಬ್ಬರೂ ಒಂದು ಮಾತು ಆಡಲಿಲ್ಲ. ಚೀಲ ಬಿಚ್ಚಿಸಿದ್ದು ನಾನೇ. ಚೀಲದಲ್ಲಿ ಏನೂ ಇರಲಿಲ್ಲ. ಮರುದಿನದಿಂದ ಅವನು ಬರಲಿಲ್ಲ. ದಾಸ್ತಾನು ಪರಿಶೀಲಿಸುವಾಗ ಮೀಟರು ಬೀರುವಿನ ಹಿಂದಿನ ಸಂದಿಯಲ್ಲಿ ಸಿಕ್ಕಿತು. ಅಷ್ಟರಲ್ಲಿ ಗುಡಾರಗಳು ಎದ್ದುಹೋಗಿದ್ದವು. ಊರಿನ ಹುಡುಗನಾಗಿದ್ದರೆ ನಾನು ಚೀಲ ಬಿಚ್ಚಿಸುತ್ತಿದ್ದೆನೆ ಎಂದು ಕೇಳಿಕೊಂಡರೆ ಉತ್ತರ ಹಿತವಾಗಿಲ್ಲ.

ನ್ಯಾಯಾಲಯದ ಮುಂದಿನ ವರ್ಷಗಳ ಕಥೆ ಬಹಳ ಮಂದಿಗೆ ಗೊತ್ತು. 1959ರಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿ, ತನ್ನ ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಗುಂಡಿಟ್ಟು ಕೊಂದ ಮೊಕದ್ದಮೆ ದೇಶವನ್ನೇ ಹಿಡಿದಿಟ್ಟಿತ್ತು. ಅಹುಜಾ ಸಿಂಧಿ. ಅವನ ಸಹೋದರಿಯ ಪರವಾಗಿ ಜೇಠ್ಮಲಾನಿ ಸರ್ಕಾರಿ ವಕೀಲರಿಗೆ ನೆರವಾದರು. ಪತ್ರಿಕೆಗಳು, ಬೀದಿಯ ಜನ, ಕೊನೆಗೆ ಜ್ಯೂರಿಯ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ನಾನಾವತಿಯ ಕಡೆಗಿದ್ದರು. ಉಚ್ಚ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು, 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಇದರ ಬಾಲಂಗೋಚಿ ಅಷ್ಟು ಪ್ರಸಿದ್ಧವಲ್ಲ, ನನಗೆ ಅದೇ ಹೆಚ್ಚು ರುಚಿ. ನಾನಾವತಿಗೆ ಕ್ಷಮಾದಾನ ಕೊಡಬೇಕೆಂದು ಮೇಲಿನಿಂದ ಒತ್ತಡವಿತ್ತು, ಸಿಂಧಿಗಳು ಸಿಟ್ಟಾದಾರೆಂಬ ಅಳುಕೂ ಇತ್ತು. ಅದೇ ಹೊತ್ತಿಗೆ ಭಾಯ್ ಪ್ರತಾಪ್ ಎಂಬ ಸಿಂಧಿ ವ್ಯಾಪಾರಿ ಆಮದು ಪರವಾನಗಿಯ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದರು. ಕಛ್‌ನ ಬೆಂಗಾಡಿನಲ್ಲಿ ಗಾಂಧಿಧಾಮ ಎಂಬ ಊರನ್ನೇ ಕಟ್ಟಿ ನಿರಾಶ್ರಿತರಿಗೆ ನೆಲೆ ಮಾಡಿಕೊಟ್ಟವರು ಅವರು. ಜೇಠ್ಮಲಾನಿಯವರ ಮೂಲಕ ಅಹುಜಾನ ಸಹೋದರಿಯ ಒಪ್ಪಿಗೆ ಪಡೆಯಲಾಯಿತು. 1964ರಲ್ಲಿ ರಾಜ್ಯಪಾಲರಾಗಿದ್ದ ವಿಜಯಲಕ್ಷ್ಮಿ ಪಂಡಿತ್ ಇಬ್ಬರಿಗೂ ಒಟ್ಟಿಗೇ ಕ್ಷಮಾದಾನ ನೀಡಿದರು. ಶಿಬಿರದಿಂದ ಬಂದ ಸಮುದಾಯ ಹದಿನಾರು ವರ್ಷಗಳಲ್ಲಿ ಸರ್ಕಾರದೊಡನೆ ಕೊಟ್ಟು ತೆಗೆದುಕೊಳ್ಳುವ ಮಟ್ಟಕ್ಕೆ ಬಂದಿತ್ತು. ನ್ಯಾಯದ ದೃಷ್ಟಿಯಿಂದ ಇದು ಒಪ್ಪುವಂಥದೇ ಎಂದರೆ ನನಗೆ ಅನುಮಾನವಿದೆ.

ಅರವತ್ತರ ದಶಕದಲ್ಲಿ ಕಳ್ಳಸಾಗಾಣಿಕೆದಾರರ ಪರ ವಾದಿಸಿ ‘ಸ್ಮಗ್ಲರ್‌ಗಳ ವಕೀಲ’ ಎಂಬ ಬಿರುದೂ ಅವರಿಗೆ ಅಂಟಿಕೊಂಡಿತು. ನಾನು ವಕೀಲ, ಬಂದವನ ಪರ ವಾದಿಸುವುದು ನನ್ನ ಕರ್ತವ್ಯ ಎಂಬುದು ಅವರ ಉತ್ತರ. ದುಬಾರಿ ಕಕ್ಷಿದಾರರ ವಿಷಯದಲ್ಲಿ ಈ ಉತ್ತರ ಬಹಳ ಅನುಕೂಲದ್ದು ಎಂದು ನನಗೆ ಬಹುಕಾಲ ಅನ್ನಿಸುತ್ತಿತ್ತು.

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ಅವರು ಭಾರತೀಯ ವಕೀಲರ ಪರಿಷತ್ತಿನ ಅಧ್ಯಕ್ಷರು. ಕೇರಳದಲ್ಲಿ ಮಾಡಿದ ಭಾಷಣದಲ್ಲಿ ಇಂದಿರಾ ಗಾಂಧಿಯವರನ್ನು ಕಟುವಾಗಿ ಟೀಕಿಸಿದರು. ಬಂಧನದ ವಾರಂಟ್ ಹೊರಟಿತು. ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ನಾನಿ ಪಾಲ್ಖಿವಾಲಾ ಅವರ ಮುಂದಾಳತ್ವದಲ್ಲಿ 300ಕ್ಕೂ ಹೆಚ್ಚು ವಕೀಲರು ಅವರ ಪರ ಹಾಜರಾದರು. ಇಪ್ಪತ್ತೇಳು ವರ್ಷಗಳ ಹಿಂದೆ ಇದೇ ನಗರಕ್ಕೆ ಯಾರೂ ಪರಿಚಯವಿಲ್ಲದೆ ಬಂದಿದ್ದ ಮನುಷ್ಯನಿಗೆ! ತಡೆಯಾಜ್ಞೆ ಸಿಕ್ಕಿತು.

ಅದು ಉಳಿದದ್ದು 1976ರ ಏಪ್ರಿಲ್ 28ರವರೆಗೆ. ಆ ದಿನ ಸುಪ್ರೀಂ ಕೋರ್ಟ್ ಹೇಬಿಯಸ್ ಕಾರ್ಪಸ್ ಮೊಕದ್ದಮೆಯಲ್ಲಿ, ತುರ್ತು ಪರಿಸ್ಥಿತಿಯಲ್ಲಿ ಬಂಧಿತನಾದವನು ಬಿಡುಗಡೆಗಾಗಿ ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲ ಎಂದು ನಾಲ್ಕು–ಒಂದರ ಬಹುಮತದಿಂದ ಹೇಳಿತು. ಒಬ್ಬಂಟಿಯಾಗಿ ಬೇರೆ ತೀರ್ಪು ಬರೆದವರು ಎಚ್.ಆರ್. ಖನ್ನಾ. ಬಹುಮತದಲ್ಲಿದ್ದ ವೈ.ವಿ. ಚಂದ್ರಚೂಡ್, ನಾನಾವತಿ ಪ್ರಕರಣದಲ್ಲಿ ಸರ್ಕಾರದ ವಕೀಲರಾಗಿ ಜೇಠ್ಮಲಾನಿಯವರ ಜೊತೆಗಿದ್ದವರು. ಅಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿದ ಉಚ್ಚ ನ್ಯಾಯಾಲಯಗಳ ಆದೇಶಗಳಲ್ಲಿ ನಮ್ಮ ಕರ್ನಾಟಕದ್ದೂ ಒಂದು. ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದಾಗ ಸೆರೆಯಾದ ನಾಯಕರು ಸಲ್ಲಿಸಿದ ಅರ್ಜಿಗಳ ಮೇಲಿನ ಆದೇಶ ಅದು. ಅವರಲ್ಲಿ ಎಲ್.ಕೆ. ಅಡ್ವಾಣಿ ಒಬ್ಬರು. ಕರಾಚಿಯಲ್ಲಿ ಹುಟ್ಟಿ, 1947ರ ಸೆಪ್ಟೆಂಬರ್‌ನಲ್ಲಿ ಊರು ಬಿಟ್ಟು, ಮುಂಬಯಿಯಲ್ಲಿ ಕಾನೂನು ಓದಿದ ಇನ್ನೊಬ್ಬ ಸಿಂಧಿ.

ಜೇಠ್ಮಲಾನಿ ದೇಶ ಬಿಟ್ಟರು. ಕೆನಡಾ, ಅಲ್ಲಿಂದ ಅಮೆರಿಕ. ರಾಜಕೀಯ ಆಶ್ರಯ ಕೋರಿದರು. ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಾನೂನು ಪಾಠ ಹೇಳಿದರು. 52 ದಾಟಿದ ಮೇಲೆ ಎರಡನೇ ಬಾರಿ ನಿರಾಶ್ರಿತ. ಮೊದಲ ಸಲ ಓಡಿಬಂದದ್ದು ಭಾರತಕ್ಕೆ, ಎರಡನೇ ಸಲ ಓಡಿದ್ದು ಭಾರತದಿಂದ.

1977ರ ಚುನಾವಣೆ ಘೋಷಣೆಯಾದಾಗ ಅವರಿನ್ನೂ ವಿದೇಶದಲ್ಲಿದ್ದರು, ಅಲ್ಲಿರುವಾಗಲೇ ಇಲ್ಲಿ ನಾಮಪತ್ರ ಸಲ್ಲಿಕೆಯಾಯಿತು. ಮುಂಬಯಿ ವಾಯವ್ಯ ಕ್ಷೇತ್ರದಲ್ಲಿ ಎದುರಾಳಿ ಎಚ್.ಆರ್. ಗೋಖಲೆ, ತುರ್ತು ಪರಿಸ್ಥಿತಿಯ ಉದ್ದಕ್ಕೂ ಕೇಂದ್ರದ ಕಾನೂನು ಮಂತ್ರಿಯಾಗಿದ್ದವರು. ಕಾನೂನು ಮಂತ್ರಿ ಸೋತರು, ದೇಶಭ್ರಷ್ಟ ವಕೀಲ ಗೆದ್ದ. ಆಗ ಪ್ರಧಾನಿಯಾದವರು ಯಾರು? 1948ರ ಗೃಹಮಂತ್ರಿ ಮೊರಾರ್ಜಿ ದೇಸಾಯಿ! ಸಂಜೆಯ ಗುಂಡು ಬಿಡದ ಜೇಠ್ಮಲಾನಿಗೂ ಪಾನನಿರೋಧದ ಮೊರಾರ್ಜಿಗೂ ಸ್ವಭಾವದಲ್ಲೇ ಎಣ್ಣೆ ಸೀಗೆಕಾಯಿ. ಕಾನೂನು ಖಾತೆ ಶಾಂತಿಭೂಷಣ್ ಅವರಿಗೆ ಹೋಯಿತು.

ಈಗ ಕರಾಚಿಯ ಪಾಲುದಾರನ ವಿಷಯ. ಬ್ರೋಹಿ ಪಾಕಿಸ್ತಾನದಲ್ಲಿ ದೊಡ್ಡ ಹೆಸರು ಮಾಡಿದರು. ಐವತ್ತರ ದಶಕದಲ್ಲೇ ಕಾನೂನು ಮಂತ್ರಿಯಾದರು, 1960ರಲ್ಲಿ ದೆಹಲಿಗೆ ರಾಯಭಾರಿಯಾಗಿ ಬಂದರು. 1971ರಲ್ಲಿ ಸೇನಾ ನ್ಯಾಯಾಲಯ ಷೇಕ್ ಮುಜಿಬುರ್ ರೆಹಮಾನರ ವಿಚಾರಣೆ ನಡೆಸಿದಾಗ ಅವರ ವಕೀಲ ಬ್ರೋಹಿಯೇ. ಆದರೆ 1977ರಲ್ಲಿ ಜನರಲ್ ಜಿಯಾ ಅಧಿಕಾರ ಕಸಿದುಕೊಂಡಾಗ, ಆ ಸೇನಾಡಳಿತ ಕಾನೂನುಬದ್ಧವೆಂದು ಪಾಕಿಸ್ತಾನದ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದವರೂ ಅವರೇ. ಅನಿವಾರ್ಯತೆಯ ಹೆಸರಿನಲ್ಲಿ ನ್ಯಾಯಾಲಯ ಒಪ್ಪಿತು. ಒಂದೇ ವರ್ಷ, 1977. ಒಂದೇ ಕಚೇರಿಯಲ್ಲಿ ಕೂತಿದ್ದ ಇಬ್ಬರಲ್ಲಿ ಒಬ್ಬರು ತುರ್ತು ಪರಿಸ್ಥಿತಿಯ ವಿರುದ್ಧ ನಿಂತು ಸಂಸತ್ತಿಗೆ ಬಂದರು, ಇನ್ನೊಬ್ಬರು ಸೇನಾಡಳಿತಕ್ಕೆ ಕಾನೂನಿನ ಅಂಗಿ ತೊಡಿಸಿದರು. ಊರಲ್ಲೇ ಉಳಿದವನಿಗೆ ಕಳೆದುಕೊಳ್ಳುವುದು ಬಹಳ ಇತ್ತೇನೋ.

1980ರಲ್ಲಿ ಜೇಠ್ಮಲಾನಿ ಮತ್ತೆ ಗೆದ್ದರು, 1984ರಲ್ಲಿ ನಟ ಸುನಿಲ್ ದತ್ ಎದುರು ಸೋತರು. 1988ರಲ್ಲಿ ರಾಜ್ಯಸಭೆಗೆ ಹೋದದ್ದು ನಮ್ಮ ಕರ್ನಾಟಕದಿಂದ. ಅದೇ ವರ್ಷ ಅವರು ಇಂದಿರಾ ಗಾಂಧಿ ಹತ್ಯೆಯ ಆರೋಪಿಗಳಾದ ಕೆಹರ್ ಸಿಂಗ್, ಬಲಬೀರ್ ಸಿಂಗ್ ಪರ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. ದೇಶವೆಲ್ಲ ಛೀ ಥೂ ಎಂದಿತು. ನಮ್ಮ ಗುಮಾಸ್ತರೂ ಆ ದಿನಗಳಲ್ಲಿ ಅವರ ಹೆಸರೆತ್ತಲಿಲ್ಲ. ಆಗಸ್ಟ್‌ನಲ್ಲಿ ತೀರ್ಪು ಬಂತು. ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಮರಣದಂಡನೆಯಾಗಿದ್ದ ಬಲಬೀರ್ ಸಿಂಗ್ ವಿರುದ್ಧ ಸಾಕ್ಷ್ಯವಿಲ್ಲವೆಂದು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. 1989ರ ಜನವರಿ 6ರಂದು ಉಳಿದಿಬ್ಬರು ನೇಣಿಗೇರಿದರು. ವಾದಿಸಲು ಯಾರೂ ಸಿಗದಿದ್ದರೆ ಮೂರನೆಯವನೂ ಅವರ ಜೊತೆ ಹೋಗುತ್ತಿದ್ದ. ಸರಳ ಲೆಕ್ಕ, ಆದರೆ ನನ್ನ ತಲೆಗೆ ಹೋಗಲು ವರ್ಷಗಳು ಬೇಕಾದವು.

ತಪ್ಪು ಮಾಡಿದವನ ಪರ ವಾದಿಸುವುದು ಸರಿಯೇ ಸಾರ್, ಎಂದು ಮಕ್ಕಳು ಈಗಲೂ ಕೇಳುತ್ತಾರೆ. ತಪ್ಪು ಮಾಡಿದ್ದಾನೆಂದು ನಿನಗೆ ಹೇಗೆ ಗೊತ್ತು, ಎಂದು ನಾನು ತಿರುಗಿ ಕೇಳುತ್ತೇನೆ. ಎಲ್ಲರೂ ಹೇಳುತ್ತಾರೆ ಸಾರ್, ಎನ್ನುತ್ತಾರೆ. ಆಮ್ಮೀಟರಿನ ಕಥೆ ಹೇಳಬೇಕೆನ್ನಿಸುತ್ತದೆ, ಒಂದೆರಡು ಸಲ ಹೇಳಿಯೂ ಇದ್ದೇನೆ.

ಮಂತ್ರಿಗಿರಿಯ ಅಧ್ಯಾಯ ಮಾತ್ರ ಸಪ್ಪೆ. 1996ರಲ್ಲಿ ವಾಜಪೇಯಿಯವರ 13 ದಿನಗಳ ಸರ್ಕಾರದಲ್ಲಿ ಕಾನೂನು ಖಾತೆ, 1998ರಲ್ಲಿ ನಗರಾಭಿವೃದ್ಧಿ, 1999ರಲ್ಲಿ ಮತ್ತೆ ಕಾನೂನು. ಶಾಸ್ತ್ರಿ ಭವನದ ಕುರ್ಚಿಯಲ್ಲಿ ಕೂತ ಮೇಲೆ ಮುಖ್ಯ ನ್ಯಾಯಮೂರ್ತಿ ಎ.ಎಸ್. ಆನಂದ್ ಅವರೊಡನೆ ಜಗಳ, ಅಟಾರ್ನಿ ಜನರಲ್ ಸೋಲಿ ಸೊರಾಬ್ಜಿಯವರೊಡನೆ ಜಗಳ. 2000ದ ಜುಲೈನಲ್ಲಿ ರಾಜೀನಾಮೆ ಕೊಡಬೇಕಾಯಿತು. 2004ರಲ್ಲಿ ಲಖನೌದಲ್ಲಿ ವಾಜಪೇಯಿಯವರ ಎದುರೇ ನಿಂತು ಸೋತರು. ಮುಂದೆ ಅದೇ ಪಕ್ಷ ಮತ್ತೆ ಕರೆದು ರಾಜಸ್ಥಾನದಿಂದ ರಾಜ್ಯಸಭೆಗೆ ಕಳಿಸಿತು, 2013ರಲ್ಲಿ ಹೊರಗೂ ಹಾಕಿತು. ಯಾವ ಮನೆಯೂ ಅವರಿಗೆ ಬಹಳ ದಿನ ಒಗ್ಗುತ್ತಿರಲಿಲ್ಲ. 2019ರ ಸೆಪ್ಟೆಂಬರ್ 8ರಂದು ದೆಹಲಿಯಲ್ಲಿ ತೀರಿಕೊಂಡಾಗ ಅವರು ಬಿಹಾರದಿಂದ ರಾಜ್ಯಸಭಾ ಸದಸ್ಯರು. 96 ತುಂಬಲು ಆರು ದಿನ ಬಾಕಿಯಿತ್ತು.

ನಾನು ಅವರನ್ನು ಕಂಡದ್ದು ಟಿ.ವಿ.ಯಲ್ಲಿ ಮಾತ್ರ. 2014ರ ಅಕ್ಟೋಬರ್ 7, ದಸರಾ ರಜೆಯ ಗುಂಗು ಇನ್ನೂ ಇಳಿದಿರಲಿಲ್ಲ. ಆಸ್ತಿ ಪ್ರಕರಣದಲ್ಲಿ ಶಿಕ್ಷೆಯಾಗಿ ಪರಪ್ಪನ ಅಗ್ರಹಾರದಲ್ಲಿದ್ದ ಜಯಲಲಿತಾ ಅವರಿಗೆ ಜಾಮೀನು ಕೇಳಲು 91 ವರ್ಷದ ಜೇಠ್ಮಲಾನಿ ಬೆಂಗಳೂರಿನ ಉಚ್ಚ ನ್ಯಾಯಾಲಯಕ್ಕೆ ಬಂದಿದ್ದರು. ಕಕ್ಷಿದಾರರ ಬಗ್ಗೆ ನನಗೇನೂ ಮರುಕವಿರಲಿಲ್ಲ. ಶರತ್ತಿನ ಜಾಮೀನಿಗೆ ಆಕ್ಷೇಪವಿಲ್ಲವೆಂದು ಸರ್ಕಾರದ ವಕೀಲರೇ ಹೇಳಿದ್ದರಿಂದ ಹೊರಗಡೆ ಗೆದ್ದೇಬಿಟ್ಟೆವೆಂದು ಅಭಿಮಾನಿಗಳು ಸಂಭ್ರಮಿಸತೊಡಗಿದರು. ಅಷ್ಟರಲ್ಲಿ ಟಿ.ವಿ. ಪರದೆಯ ಕೆಳಗೆ ಸಾಲು ಬದಲಾಯಿತು. ನ್ಯಾಯಮೂರ್ತಿಗಳು ಅರ್ಜಿ ವಜಾ ಮಾಡಿದ್ದರು.